ಮುಳಶಿ ಕಡೆಯ ‘ಜಂಗಲ್ ಎಟಿವಿ ಪ್ಯಾಕೇಜ್’: ಮುಂಗಡ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿ

ಊರಿನಿಂದ ಬರುವ ನೆಂಟರನ್ನು ರಜೆಯಲ್ಲಿ ಮುಳಶಿ, ತಾಮ್ಹಿಣಿ ಘಾಟ್ ಕಡೆಗೆ ಕರೆದುಕೊಂಡು ಹೋಗಿ, ಕಾಡಿನ ದಾರಿಯಲ್ಲಿ ನಾಲ್ಕು ಗಾಲಿಯ ಎಟಿವಿ ಓಡಿಸಿಕೊಂಡು ಬರೋಣವೆಂದು ಯೋಚಿಸುತ್ತಿರುವ ಪುಣೆ, ಮುಂಬೈಯ ಕನ್ನಡಿಗರೇ, ಹಣ ಕಳುಹಿಸುವ ಮೊದಲು ಇದನ್ನು ಪೂರ್ತಿ ಓದಿ. ತನಗೆ ಕಾಲಿಡಲೂ ಹಕ್ಕಿಲ್ಲದ ಕಾಡನ್ನು ತೋರಿಸಿ ನಮ್ಮಿಂದ ಹಣ ಪಡೆದವನ ಬಗ್ಗೆ ಬರೆಯುತ್ತಿದ್ದೇನೆ. ದೂರು ಕೊಟ್ಟಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ, ಆದರೆ ನಡೆದದ್ದರಲ್ಲಿ ಒಂದನ್ನೂ ಬಿಡುವುದಿಲ್ಲ.

ದೀಪಾವಳಿ ರಜೆಗೆ ಧಾರವಾಡದಿಂದ ಅಕ್ಕ, ಭಾವ ಮತ್ತು ಅವರ ಮಕ್ಕಳು ಬಂದಿದ್ದರು. ಫೋನಿನಲ್ಲಿ ಆ ಮನುಷ್ಯ ಹೇಳಿದ್ದು ಇಷ್ಟು: ಒಂದು ರಾತ್ರಿ ಟೆಂಟ್, ಊಟ, ಕಾಡಿನೊಳಗೆ 15 ಕಿಲೋಮೀಟರ್ ಸವಾರಿ, ಮುಂದೊಬ್ಬ ಹಿಂದೊಬ್ಬ ಗೈಡ್, ತಲೆಗೆ 6,500 ರೂಪಾಯಿ, ಅದರಲ್ಲಿ ಅರ್ಧ ಮುಂಗಡ. ಅರಣ್ಯ ಇಲಾಖೆಯ ಅನುಮತಿ ಇದೆಯೇ ಎಂದು ನಾನು ಎರಡೆರಡು ಬಾರಿ ಕೇಳಿದೆ. “ಪರ್ಮಿಷನ್ ಎಲ್ಲ ನಮ್ಮ ಜವಾಬ್ದಾರಿ ಸರ್, ನೀವು ಸುಮ್ಮನೆ ಬನ್ನಿ” ಎಂದ.

ಪುಣೆಯ ಚಾಂದನಿ ಚೌಕ ದಾಟಿ, ಪಿರಂಗುಟ್, ಪೌಡ್ ದಾಟಿ ಅಲ್ಲಿಗೆ ತಲುಪಿದೆವು. ಗಾಡಿಗಳನ್ನು ತೋರಿಸುವ ಮೊದಲೇ, ಗೇಟಿನಲ್ಲಿಯೇ ಉಳಿದ ಹಣವನ್ನೂ 10,000 ರೂಪಾಯಿ ಡಿಪಾಸಿಟ್ಟನ್ನೂ ಕಟ್ಟಿಸಿಕೊಂಡರು. ಅದು ಕೈಸೇರಿದ ಮೇಲೆ, “ಇವತ್ತು ಫಾರೆಸ್ಟ್‌ನವರು ಟ್ರೇಲ್ ಬಂದ್ ಮಾಡಿದ್ದಾರೆ” ಎಂದರು. ಅದಕ್ಕೆ ಬದಲಾಗಿ ನಮಗೆ ಸಿಕ್ಕಿದ್ದು ಕೊಯ್ಲಾದ ಭತ್ತದ ಗದ್ದೆ. ಅದರ ಅಂಚಿಗೆ ಹಳೆಯ ಟೈರುಗಳನ್ನು ಹೂತು ಮಾಡಿದ ಒಂದು ಸುತ್ತುದಾರಿ. ಕಣದಲ್ಲಿ ಹಂತಿಯ ಎತ್ತುಗಳು ಸುತ್ತುವಂತೆ ನಾವೆಲ್ಲ ಅಲ್ಲಿ ಧೂಳು ಕುಡಿಯುತ್ತ ಸುತ್ತಿದೆವು. ಕಾಡು ಎದುರಿನ ಗುಡ್ಡದ ಮೇಲಿತ್ತು, ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ.

ಅನುಮತಿ ಪತ್ರ ತೋರಿಸಿ ಎಂದರೆ “ಆಫೀಸಿನಲ್ಲಿದೆ”. ಆಫೀಸು ಎಲ್ಲಿ ಎಂದರೆ “ಶೇಠ್‌ಗೆ ಗೊತ್ತು”. ಶೇಠ್‌ಗೆ ಫೋನ್ ಹಚ್ಚಿಕೊಡಿ ಎಂದರೆ “ಇಲ್ಲಿ ರೇಂಜ್ ಸಿಗುವುದಿಲ್ಲ”. ಡಿಪಾಸಿಟ್ ಹಣ ಯುಪಿಐ ಮೂಲಕ ಅದೇ ಜಾಗದಿಂದ, ಅದೇ ಫೋನಿನಿಂದ ಹೋಗಿತ್ತಲ್ಲ, ಆಗ ರೇಂಜ್ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ಕೊನೆಗೆ ರಸ್ತೆ ಬದಿಯ ಚಹಾದಂಗಡಿಯ ಮುದುಕರೊಬ್ಬರು ನಿಜ ಹೇಳಿದರು. ಮೇಲಿನದು ಅರಣ್ಯ ಇಲಾಖೆಯ ಜಾಗ, ಅಲ್ಲಿ ಈ ಗಾಡಿಗಳು ಎಂದೂ ಹತ್ತಿಲ್ಲ, ಬಂದವರಿಗೆಲ್ಲ ‘ಇವತ್ತು ಬಂದ್’ ಎಂದೇ ಹೇಳುತ್ತಾರೆ. ಅವರ ಮಾತು ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಇಲ್ಲದ ದಾರಿಯನ್ನು ಬಂದ್ ಮಾಡುವುದು ಹೇಗೆ?

ಗಾಡಿಗಳ ಸ್ಥಿತಿಯನ್ನೂ ಹೇಳಲೇಬೇಕು. ಒಬ್ಬೊಬ್ಬರಿಗೆ ಒಂದೊಂದು ಎಂದವರು ಇಬ್ಬರಿಬ್ಬರಿಗೆ ಒಂದರಂತೆ ಕೊಟ್ಟರು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಅರ್ಧ ಕೆರೆದುಹೋದ ಎಚ್ಚರಿಕೆಯ ಚೀಟಿಯೊಂದಿತ್ತು. ಹದಿನಾರು ವರ್ಷಕ್ಕಿಂತ ಚಿಕ್ಕವರು ಓಡಿಸಬಾರದು, ಹಿಂದೆ ಯಾರನ್ನೂ ಕೂರಿಸಬಾರದು ಎಂದು ಗಾಡಿ ತಯಾರಿಸಿದವರೇ ಅಂಟಿಸಿದ್ದು. ಎಟಿವಿಯ ಸೀಟು ಉದ್ದವಾಗಿರುವುದು ಇಬ್ಬರು ಕೂರಲೆಂದು ಅಲ್ಲ. ತಿರುವಿನಲ್ಲಿ, ಏರಿನಲ್ಲಿ ಓಡಿಸುವವನು ತನ್ನ ಭಾರವನ್ನು ಆಚೀಚೆ ಸರಿಸಲೆಂದು. ಹಿಂದೆ ಇನ್ನೊಬ್ಬರು ಕೂತರೆ ಗಾಡಿ ಮಗುಚುವ ಅಪಾಯ ಹೆಚ್ಚು. ಅದೇ ಚೀಟಿಯ ಮೇಲೆ ಕೈಯೂರಿಕೊಂಡು ಅಲ್ಲಿಯ ಹುಡುಗ ನಮ್ಮ ಅಕ್ಕನ ಹನ್ನೆರಡು ವರ್ಷದ ಮಗನನ್ನು ಎತ್ತಿ ಹಿಂದೆ ಕೂರಿಸಿದ. ನಾನು ತಡೆದು ಇಳಿಸಿದಾಗ “ಎಲ್ಲರೂ ಹೀಗೇ ಕೂರುತ್ತಾರೆ ಸರ್, ನೀವು ಬಹಳ ಹೆದರುತ್ತೀರಿ” ಎಂದ. ಅವರು ಕೊಟ್ಟ ಹೆಲ್ಮೆಟ್ಟಿಗೆ ಗಲ್ಲದ ಪಟ್ಟಿಯ ಕೊಂಡಿಯೇ ಇರಲಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಸುಟ್ಟದ್ದು ಡಿಪಾಸಿಟ್ಟಿನ ಸಂಗತಿ. ಸವಾರಿ ಮುಗಿದು ಇಳಿಯುತ್ತಿದ್ದಂತೆ ಆ ಹುಡುಗ ಬೇರೆಲ್ಲೂ ನೋಡದೆ ನೇರವಾಗಿ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಡ ಮಡ್‌ಗಾರ್ಡಿನ ಕೆಳಗೆ ಬೆರಳು ಹಾಕಿ “ಇಲ್ಲಿ ಒಡೆದಿದೆ” ಎಂದ. ಕಣ್ಣಿನಿಂದ ಹುಡುಕಲೂ ಇಲ್ಲ. ಎಲ್ಲಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು! ಸೀಳಿನೊಳಗೆ ಮಳೆಗಾಲದ ಕೆಸರು ಒಣಗಿ ಗಟ್ಟಿಯಾಗಿತ್ತು, ಪಕ್ಕದ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಹೊರಡುವ ಮುನ್ನ ಅಕ್ಕನ ಮಗಳು ತೆಗೆದ ಫೋಟೋದಲ್ಲಿಯೂ ಆ ಸೀಳು ಸ್ಪಷ್ಟವಾಗಿ ಕಾಣುತ್ತಿತ್ತು. ಫೋಟೋ ತೋರಿಸಿದೆ. “ಅದು ನೆರಳು ಸರ್” ಎಂದ. ನೆರಳಂತೆ! ಜೂಮ್ ಮಾಡಿ ತೋರಿಸಿದಾಗ, ಗಾಡಿ ಸುಸ್ಥಿತಿಯಲ್ಲಿ ಸಿಕ್ಕಿದೆ ಎಂದು ಬರೆದಿದ್ದ ಕಾಗದವನ್ನು ಮುಂದೆ ಹಿಡಿದು, “ಸಹಿ ನಿಮ್ಮದೇ ಅಲ್ಲವೇ?” ಎಂದ. ಆ ಸಹಿಯನ್ನು ಗೇಟಿನಲ್ಲಿ, ಗಾಡಿ ಕಣ್ಣಿಗೆ ಬೀಳುವ ಮೊದಲೇ ಹಾಕಿಸಿಕೊಂಡಿದ್ದರು. 8,000 ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, “ಇರಲಿ ಬಿಡಪಾ, ಹುಡುಗರು ಆಡಿದ್ರಲ್ಲ, ಸಾಕು” ಎಂದರು. ಅಷ್ಟು ದೂರದಿಂದ ಬಂದವರು ನನಗೇ ಸಮಾಧಾನ ಹೇಳುವ ಹಾಗಾಯಿತಲ್ಲ ಎಂದು ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದು ವಾಟ್ಸ್‌ಆ್ಯಪ್‌ನಲ್ಲಿ ಹಣ ಹಿಂದಿರುಗಿಸಲು ಕೇಳಿದೆ. “ನಿಮ್ಮ ಮನೆಯವರು ನಗುತ್ತಿರುವ ಫೋಟೋ ನಮ್ಮಲ್ಲಿವೆ, ಎಂಜಾಯ್ ಮಾಡಿ ಈಗ ಯಾಕೆ ಹೀಗೆ?” ಎಂಬ ಉತ್ತರ ಬಂತು. ನಾನು ದೂರಿನ ಮಾತೆತ್ತಿದ ಮೇಲೆ, ನಾನು ಅವರ ಬಗ್ಗೆ ಹಾಕಿದ್ದ ರಿವ್ಯೂ ತೆಗೆದುಹಾಕಿದರೆ ಮುಂದಿನ ಸಲ ಒಂದು ರೈಡ್ ಉಚಿತ ಎಂದರು. ಮಕ್ಕಳ ನಗುವನ್ನು ರಸೀದಿಯಂತೆ ನನ್ನ ಮುಖಕ್ಕೆ ಹಿಡಿದವರ ಬಳಿಗೆ ನಾನು ಮತ್ತೆ ಹೋಗಬೇಕಂತೆ.

ಕಾಡಿನ ಸವಾರಿ ಎಂದು ಯಾರಾದರೂ ಹೇಳಿದರೆ, ಜಾಗ ಖಾಸಗಿಯೋ ಅರಣ್ಯ ಇಲಾಖೆಯದೋ ಎಂದು ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ತಾಮ್ಹಿಣಿಯಲ್ಲಿ ವನ್ಯಜೀವಿ ಅಭಯಾರಣ್ಯವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಥ ಕಡೆ ಪ್ರವಾಸಿಗರ ಪ್ರವೇಶಕ್ಕೆ ಇಲಾಖೆಯ ಅನುಮತಿ ಬೇಕು, ಶೇಠ್‌ನ ಬಾಯಿಮಾತು ಸಾಲದು. ಗಾಡಿಯ ನಾಲ್ಕೂ ಕಡೆಯ ವಿಡಿಯೋವನ್ನು ಅವರ ಎದುರಿಗೇ ತೆಗೆಯಿರಿ. ಅದಕ್ಕೆ ಮೊದಲು ಸಹಿ ಕೇಳಿದರೆ ಅಲ್ಲಿಂದಲೇ ಹಿಂದಿರುಗಿ, ಮುಂಗಡ ಹೋದರೂ ಚಿಂತೆಯಿಲ್ಲ. ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ನಾನು ಅಕ್ಕನ ಮಗಳ ಫೋಟೋ, ಯುಪಿಐ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ ಎಲ್ಲವನ್ನೂ ಸೇರಿಸಿ ದೂರು ಕೊಟ್ಟಿದ್ದೇನೆ. ಇದೇ ಕಡೆ ‘ಇವತ್ತು ಬಂದ್’ ಎಂಬ ಮಾತು ಕೇಳಿ ಹಣ ಕಳೆದುಕೊಂಡವರು ಬೇರೆ ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ, ಒಟ್ಟಿಗೆ ಹೋಗೋಣ.