ಸ್ಟಾನ್ಲಿ ನಂಬರ್ 4: ಮರದ ಕೆಲಸಕ್ಕೆ ಮೊದಲು ಕೊಳ್ಳಬೇಕಾದ ಹತ್ತರಿ

ಮನೆಯಲ್ಲೇ ಮರದ ಕೆಲಸ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಸ್ಟಾನ್ಲಿ ನಂಬರ್ 4 ಕೊಳ್ಳಿ ಅಂತ. ಹಲಗೆಯನ್ನು ತೆಳ್ಳಗೆ ಹೆರೆದು ನಯ ಮಾಡುವ ಕಬ್ಬಿಣದ ಉಜ್ಜುಗೊರಡು ಇದು. ನಮ್ಮ ಬಡಗಿಗಳು ಹತ್ತರಿ ಅನ್ನುತ್ತಾರಲ್ಲ, ಅದೇ. ಡ್ರಿಲ್ಲು, ಸ್ಯಾಂಡಿಂಗ್ ಮಷೀನು ಎಲ್ಲ ಆಮೇಲೆ.

ನನ್ನ ಹತ್ತಿರ ಇರುವುದು ಇಂಗ್ಲೆಂಡಿನಲ್ಲಿ ತಯಾರಾದ ಹಳೇದು. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ 1,200 ರೂಪಾಯಿಗೆ ಸಿಕ್ಕಿತು. ಅದಕ್ಕೂ ಮೊದಲು ಬೇರೊಂದು ಕಂಪನಿಯ ಹೊಸ ಹತ್ತರಿ ತರಿಸಿದ್ದೆ. ತಳ ಮಟ್ಟವಾಗಿರಲಿಲ್ಲ, ಅಲಗು ಎಷ್ಟು ಮಸೆದರೂ ಬೇಗ ಮೊಂಡಾಗುತ್ತಿತ್ತು. ಹಳೇದರಲ್ಲಿ ಮೇಲೆಲ್ಲ ತುಕ್ಕು ಇತ್ತು, ನಿಜ. ಆದರೆ ಒಳಗಿನ ಉಕ್ಕು ಗಟ್ಟಿ. ಬೆಲೆಯಲ್ಲಿ ಹೊಸದಕ್ಕಿಂತ ಕಡಿಮೆ, ಕೆಲಸದಲ್ಲಿ ಎಷ್ಟೋ ಮೇಲು.

ಉದ್ದ ಒಂಬತ್ತೂವರೆ ಇಂಚಿನ ಆಸುಪಾಸು, ಅಲಗಿನ ಅಗಲ 2 ಇಂಚು, ತೂಕ ಹತ್ತಿರ ಹತ್ತಿರ ಒಂದೂಮುಕ್ಕಾಲು ಕೆಜಿ. ಈ ವಿನ್ಯಾಸ ಅಮೆರಿಕದ ಲೆನಾರ್ಡ್ ಬೈಲಿ ಅನ್ನುವವರದು. ಅವರ ಪೇಟೆಂಟುಗಳನ್ನು ಸ್ಟಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಇವತ್ತಿಗೂ ಅದರ ಮೂಲ ರೂಪ ಬದಲಾಗಿಲ್ಲ. ಮರದ ಹತ್ತರಿಯಲ್ಲಿ ಅಲಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಕೂರಿಸಬೇಕು, ಅದಕ್ಕೆ ಪಳಗಿದ ಕೈ ಬೇಕು. ಇದರಲ್ಲಿ ಹಿಡಿಯ ಮುಂದೆಯೇ ಒಂದು ಹಿತ್ತಾಳೆ ಚಕ್ರ ಇದೆ. ಬೆರಳಿನಲ್ಲಿ ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಓರೆಯಾಗಿದ್ದರೆ ಸರಿಮಾಡಲು ಅದರ ಮೇಲೊಂದು ಸಣ್ಣ ಕಡ್ಡಿ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಆದರೆ ತಂದ ದಿನವೇ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ. ದಪ್ಪ ಗಾಜಿನ ಮೇಲೆ ಉಪ್ಪು ಕಾಗದ ಅಂಟಿಸಿ ತಳವನ್ನು ಉಜ್ಜಬೇಕು. ಅಲಗಿನ ಬೆನ್ನನ್ನು ಕನ್ನಡಿಯಂತೆ ಹೊಳೆಯುವ ತನಕ ಸಾಣೆ ಕಲ್ಲಿನ ಮೇಲೆ ತಿಕ್ಕಬೇಕು, ಆಮೇಲೆ 25 ಡಿಗ್ರಿ ಓರೆಯಲ್ಲಿ ಮೊನೆ ಮಸೆಯಬೇಕು. ಈ ಹಂತದಲ್ಲಿ ಅವಸರ ಬೇಡ. ಹತ್ತರಿಯ ಬಗ್ಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಮೊಂಡು ಅಲಗಿನ ದೂರುಗಳೇ.

ಇದರ ನಿಜವಾದ ಪರೀಕ್ಷೆ ನಮ್ಮ ಮರಗಳ ಮೇಲೆ. ತೇಗದಲ್ಲಿ ಸಿಲಿಕಾ ಇರುತ್ತದೆ, ಹಾಗಾಗಿ ಅಲಗು ಬೇಗ ಸವೆಯುತ್ತದೆ, ಮಧ್ಯೆ ಮಧ್ಯೆ ಮಸೆಯುತ್ತಿರಬೇಕು. ಹಲಸಿನಲ್ಲಿ ನಾರು ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಹೆಣೆದುಕೊಂಡಿರುತ್ತದೆ. ಯಾವ ಕಡೆಯಿಂದ ತಳ್ಳಿದರೂ ಎಲ್ಲೋ ಒಂದು ಕಡೆ ಕಿತ್ತುಬರುತ್ತದೆ. ಇಲ್ಲಿ ಅಲಗಿನ ಬೆನ್ನಿಗೆ ಕೂರುವ ಚಿಪ್ ಬ್ರೇಕರ್ ಅನ್ನುವ ಲೋಹದ ಪಟ್ಟಿ ಕೈಹಿಡಿಯುತ್ತದೆ. ಅದರ ತುದಿಯನ್ನು ಮೊನೆಗೆ ತೀರಾ ಹತ್ತಿರ, ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ ಅಂತರದಲ್ಲಿ ಇಟ್ಟು ಬಿಗಿ ಮಾಡಿ. ಎದ್ದ ಸುರುಳಿ ತಕ್ಷಣ ಬಾಗಿ ಮುರಿಯುತ್ತದೆ, ನಾರು ಸೀಳುವುದಕ್ಕೆ ಸಮಯವೇ ಸಿಗುವುದಿಲ್ಲ. ಹೀಗೆ ಮಾಡಿದ ಮೇಲೆ ಹಲಸಿನ ಹಲಗೆಯಿಂದ ಅರಿಶಿನ ಬಣ್ಣದ ತೆಳ್ಳನೆ ಸುರುಳಿ ಬಂತು ನೋಡಿ, ನಾನು ಕೆಲಸ ನಿಲ್ಲಿಸಿ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಆ ಹಲಗೆಗೆ ಉಪ್ಪು ಕಾಗದ ತಾಗಿಸಲೇ ಇಲ್ಲ. ಬರೀ ಎಣ್ಣೆ ಹಚ್ಚಿದೆ. ಉಜ್ಜಿ ನಯ ಮಾಡಿದ ಮರಕ್ಕೂ ಕೊಯ್ದು ನಯ ಮಾಡಿದ ಮರಕ್ಕೂ ಇರುವ ವ್ಯತ್ಯಾಸ ಕಣ್ಣಿಗಿಂತ ಅಂಗೈಗೆ ಬೇಗ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮಷೀನು ಎಬ್ಬಿಸುವ ಧೂಳು ಇದರಲ್ಲಿ ಇಲ್ಲ. ಸುರುಳಿ ಗುಡಿಸಿ ಹಾಕಿದರೆ ಮುಗಿಯಿತು. ಸದ್ದೂ ಕಡಿಮೆ. ನಾನು ರಾತ್ರಿ ಊಟ ಆದ ಮೇಲೆ, ಮಕ್ಕಳು ಮಲಗಿದ ಮೇಲೆ ಕೆಲಸ ಮಾಡುತ್ತೇನೆ, ಯಾರಿಗೂ ಎಚ್ಚರ ಆಗುವುದಿಲ್ಲ. ಫ್ಲ್ಯಾಟಿನಲ್ಲಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಕೊರತೆಗಳೂ ಇವೆ. ನಮ್ಮ ಬೀದಿಯ ಆಚಾರ್ರು ಇದನ್ನು ಕೈಯಲ್ಲಿ ಹಿಡಿದು ನೋಡಿದವರೇ, “ಅಕ್ಕಾ, ಚೆನ್ನಾಗೈತೆ. ಆದ್ರೆ ನೆಲದ ಮೇಲೆ ಕೂತು ಮಾಡೋರಿಗೆ ಇದು ಒಗ್ಗಲ್ಲ” ಅಂದರು. ಅವರ ಮಾತು ಸರಿ. ಅವರು ಮರವನ್ನು ಕಾಲಲ್ಲಿ ಒತ್ತಿ ಹಿಡಿದು ಕೆಲಸ ಮಾಡುವವರು. ದೊಡ್ಡ ಹಲಗೆಗೆ ಮರದ ಹತ್ತರಿಯ ಮುಂದೆ ಅಡ್ಡಗೋಲು ಹಾಕಿ, ಒಬ್ಬರು ತಳ್ಳಿದರೆ ಇನ್ನೊಬ್ಬರು ಎಳೆಯುತ್ತಾರೆ. ನಂಬರ್ 4 ಒಂಟಿ ಆಳಿನ ಹತ್ತರಿ. ನಿಂತು, ಮೈಭಾರ ಹಾಕಿ ತಳ್ಳಬೇಕು, ಹಲಗೆ ಅಲುಗದಂತೆ ಹಿಡಿಯುವ ಗಟ್ಟಿ ಬೆಂಚು ಬೇಕೇ ಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡನೆಯದು, ಕಬ್ಬಿಣದ ತಳ ಮರಕ್ಕೆ ಕಚ್ಚಿಕೊಳ್ಳುತ್ತದೆ. ಮೇಣದ ಬತ್ತಿಯಲ್ಲಿ ಎರಡು ಗೆರೆ ಎಳೆದರೆ ಸರಾಗವಾಗಿ ಜಾರುತ್ತದೆ. ಮಳೆಗಾಲದಲ್ಲಿ ಹೊಲಿಗೆ ಮಷೀನಿನ ಎಣ್ಣೆ ಸವರಿ ಇಡದಿದ್ದರೆ ತುಕ್ಕು ಗ್ಯಾರಂಟಿ, ಕರಾವಳಿ ಮಲೆನಾಡಿನವರಿಗಂತೂ ಜಾಸ್ತಿ.

ಹಳೇದನ್ನು ಕೊಳ್ಳುವವರು ಮೊದಲು ತಿರುಗಿಸಿ ತಳದ ಬಾಯಿಯ, ಅಂದರೆ ಅಲಗು ಹೊರಬರುವ ಸೀಳಿನ, ಮೂಲೆಗಳನ್ನು ನೋಡಿ. ಅಲ್ಲಿ ಬಿರುಕು ಕಂಡರೆ ಎಷ್ಟೇ ಅಗ್ಗ ಅಂದರೂ ಬಿಟ್ಟು ಬನ್ನಿ. ಹಿಡಿ ಮುರಿದಿದ್ದರೆ ಹೆದರಬೇಡಿ, ಬೇರೆ ಮಾಡಿಕೊಳ್ಳಬಹುದು. ಅಲಗು ಮಸೆದು ಮಸೆದು ಕುಳ್ಳಾಗಿದ್ದರೂ ಚಿಂತೆ ಇಲ್ಲ, 2 ಇಂಚಿನ ಬದಲಿ ಅಲಗು ಈಗಲೂ ಸಿಗುತ್ತದೆ.