ರೋಡ್‌ಕಿಂಗ್, ಆರ್‌ಎಕ್ಸ್ 100, ಚೀಲದಲ್ಲಿರೋ ಜಾವಾ: ಪ್ರಾಜೆಕ್ಟ್ ಗಾಡಿಗೆ ಎಷ್ಟು ಕೊಡಬಹುದು?

ಹಳೇ ಗಾಡಿ ತಗೊಂಡು ರೆಡಿ ಮಾಡಿಸ್ಬೇಕು ಅನ್ನೋರು ಮೊದಲು ಮಾಡೋ ಕೆಲಸ ಆನ್‌ಲೈನಲ್ಲಿ ಅದೇ ಮಾಡೆಲ್ ಹುಡುಕಿ ರೇಟ್ ನೋಡೋದು. ಅಲ್ಲಿ ಇರೋದು ಮಾರೋರು ಕೇಳ್ತಿರೋ ರೇಟ್ ಅಷ್ಟೇ, ಗಾಡಿ ಕೈ ಬದಲಾದ ರೇಟ್ ಅಲ್ಲ. ಆರು ತಿಂಗಳಿಂದ ಅದೇ ಫೋಟೋ ಅದೇ ರೇಟಲ್ಲಿ ನಿಂತಿದೆ ಅಂದ್ರೆ ಆ ರೇಟಿಗೆ ಯಾರೂ ತಗೊಂಡಿಲ್ಲ ಅಂತಾನೇ ಅರ್ಥ. ನಿಜವಾದ ರೇಟ್ ಗೊತ್ತಾಗಬೇಕಾದ್ರೆ ಈಚೆಗೆ ತಗೊಂಡಿರೋರನ್ನ, ಇಲ್ಲಾ ಮಾರಿರೋರನ್ನ ಎದುರಿಗೇ ಕೇಳಬೇಕು. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರು, ಮೈಸೂರಲ್ಲಿ ಗಾಡಿಗಳೆಲ್ಲ ಸೇರ್ತವಲ್ಲ, ಅಲ್ಲಿ ಬಂದೋರು ಗಾಡಿ ಬಗ್ಗೆ ಮಾತಾಡೋಕೆ ಖುಷಿಯಾಗಿರ್ತಾರೆ, ಎಷ್ಟಕ್ಕೆ ತಗೊಂಡ್ರಿ, ಮೇಲೆ ಎಷ್ಟು ಹಾಕಿದ್ರಿ ಅಂದ್ರೆ ಮುಚ್ಚಿಡದೆ ಹೇಳ್ತಾರೆ.

ನಾನು ಲೆಕ್ಕ ಹಾಕೋದು ಹಿಂದಿನಿಂದ. ಪೂರ್ತಿ ರೆಡಿ ಇರೋ, ಓಡೋ, ಪೇಪರ್ ಕ್ಲೀನ್ ಇರೋ ಗಾಡಿ ಎಷ್ಟಕ್ಕೆ ಹೋಗ್ತಿದೆ ನೋಡು, ಅದರಿಂದ ಈ ಗಾಡಿನ ಆ ಮಟ್ಟಕ್ಕೆ ತರೋ ಖರ್ಚೆಲ್ಲ ಕಳಿ, ಆ ಖರ್ಚಿನ ಇನ್ನೊಂದು ಐದನೇ ಒಂದು ಭಾಗ ಕಣ್ಣಿಗೆ ಕಾಣದ ಕೆಲಸಕ್ಕೆ ಅಂತ ಕಳಿ. ಉಳಿದಿದ್ದು ಕೊಡಬಹುದಾದ ರೇಟ್. ಎಂಜಿನ್ ಕೆಟ್ಟಿದ್ರೆ ಜನ ತುಂಬ ಹೆದರ್ತಾರೆ, ಮೇಲೆ ಪೇಂಟ್ ಹೊಳೀತಿದ್ರೆ ಧೈರ್ಯ ಬಂದ್ಬಿಡುತ್ತೆ. ನಾನು ನೋಡಿರೋ ಪ್ರಕಾರ ಇದು ಉಲ್ಟಾ ಆಗಬೇಕು, ಯಾಕಂದ್ರೆ ಎಂಜಿನ್ ಕೆಲಸಕ್ಕೆ ಎಷ್ಟಾಗುತ್ತೆ ಅಂತ ಯಾವ ಮೆಕ್ಯಾನಿಕ್ ಆದ್ರೂ ಮೊದಲೇ ಹೇಳ್ತಾನೆ, ಆದ್ರೆ ಕಳೆದುಹೋಗಿರೋ ಒಂದು ಟೂಲ್‌ಬಾಕ್ಸ್ ಮುಚ್ಚಳಕ್ಕೋ ಇಲ್ಲದ ಆರ್‌ಸಿಗೋ ಎಷ್ಟಾಗುತ್ತೆ ಅಂತ ಯಾರೂ ಹೇಳೋಕಾಗಲ್ಲ.

ಹೋಲಿಕೆಗೆ ಮೂರು ಗಾಡಿ ಇಟ್ಕೊಂಡಿದೀನಿ. ನಾನು ತಗೊಂಡ ಯೆಜ್ಡಿ ರೋಡ್‌ಕಿಂಗ್, ನಮ್ಮ ಭಾವನ ಯಮಹಾ ಆರ್‌ಎಕ್ಸ್ 100, ಮತ್ತೆ ನನ್ನ ಗೆಳೆಯ ಮೂರು ಚೀಲದಲ್ಲಿ ತುಂಬ್ಕೊಂಡು ಬಂದ ಜಾವಾ. ಮೂರರ ಕೆಲಸದಲ್ಲೂ ನನ್ನ ಕೈ ಇದೆ.

ರೋಡ್‌ಕಿಂಗ್ ಮೈಸೂರಲ್ಲಿ ಸಿಕ್ತು, ಒಂದೇ ಓನರ್, ಕೆಎ 09 ನಂಬರ್, ಶೆಡ್ಡಲ್ಲಿ ನಿಂತು ಎಂಜಿನ್ ಜಾಮ್ ಆಗಿತ್ತು, ಕೇಳಿದ್ದು 45 ಸಾವಿರ. ಗಾಡಿ ಹುಟ್ಟಿದ ಊರಲ್ಲೇ ಸಿಗೋದ್ರಲ್ಲಿ ಒಂದು ಲಾಭ ಇದೆ, ಜಾವಾ, ಯೆಜ್ಡಿ ಎರಡೂ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರವರೆಗೂ ಅಲ್ಲೇ ಇದ್ದಿದ್ರಿಂದ ಕಣ್ಮುಚ್ಕೊಂಡು ಈ ಎಂಜಿನ್ ಬಿಚ್ಚಿ ಕಟ್ಟೋ ಹಳೇ ಮೆಕ್ಯಾನಿಕ್‌ಗಳು ಆ ಊರಲ್ಲಿ ಇನ್ನೂ ಇದಾರೆ. ಜಾಮ್ ಆಗಿರೋದು ಎಷ್ಟರಮಟ್ಟಿಗೆ ಅಂತ ತಿಳ್ಕೊಳೋಕೆ ಪ್ಲಗ್ ಬಿಚ್ಚಿ ಆ ತೂತಲ್ಲಿ ಸ್ವಲ್ಪ ಡೀಸೆಲ್ ಹಾಕಿ ಬಿಟ್ಟು, ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರನ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿದ್ವಿ. ಕೂದಲೆಳೆಯಷ್ಟು ಅಲ್ಲಾಡಿದ್ರೂ ಸಾಕು, ತುಕ್ಕು ಹಿಡಿದು ಪಿಸ್ಟನ್ ಅಂಟ್ಕೊಂಡಿದೆ ಅಷ್ಟೇ ಅಂತ. ಅದಕ್ಕಿಂತ ಮುಖ್ಯ ಎಂಜಿನ್ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡೋದು, ಎಂಜಿನ್ ಹೊರಗಿನ ಕೇಸಲ್ಲಿ ವೆಲ್ಡಿಂಗ್ ಮಾಡಿರೋ ಗುರುತು, ಎಂಸೀಲ್ ಮೆತ್ತಿರೋದು, ಮುರಿದ ಫಿನ್ ಇದೆಯಾ ಅಂತ. ಕನೆಕ್ಟಿಂಗ್ ರಾಡ್ ಮುರಿದು ಕೇಸ್ ಒಡೆದಿದ್ರೆ ಆ ಎಂಜಿನ್‌ಗೆ ಬೆಲೆನೇ ಬೇರೆ. ನಮ್ಮದರಲ್ಲಿ ಕೇಸ್ ಚೊಕ್ಕವಾಗಿತ್ತು. 65 ಮಿಮೀ ಬೋರ್ (ಒಳಗಿನ ಅಗಲ), 75 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) ಇರೋ ದೊಡ್ಡ ಸಿಲಿಂಡರ್ ಅದು, ಲೇತಲ್ಲಿ ಬೋರ್ ಮಾಡಿಸಿ, ಅಂದ್ರೆ ಸವೆದ ಒಳಗೋಡೆ ಕೊರೆಸಿ, ಓವರ್‌ಸೈಜ್ ಪಿಸ್ಟನ್ ಹಾಕೋದು ಹೆದರೋ ಕೆಲಸ ಅಲ್ಲ, ಆದ್ರೆ ಹಿಂದೆ ಎಷ್ಟು ಸಲ ಬೋರ್ ಆಗಿದೆ ಅಂತ ಕೇಳ್ಕೊಳ್ಳಿ, ಕೊನೇ ಸೈಜಿಗೆ ಹೋಗ್ಬಿಟ್ಟಿದ್ರೆ ಒಳಗೆ ಹೊಸ ಕೊಳವೆ, ಅಂದ್ರೆ ಸ್ಲೀವ್ ಹಾಕಿಸ್ಬೇಕು, ಅದು ಬೇರೆ ಖರ್ಚು.

ಇನ್ನೊಂದು ಜಾಗ ಕಿಕ್ಕರ್. ಜಾವಾ ಯೆಜ್ಡಿಯಲ್ಲಿ ಕಿಕ್ಕರ್ರೇ ಗೇರ್ ಲಿವರ್, ಒಳಗೆ ಒತ್ತಿ ಮೇಲೆ ತಿರುಗಿಸಿದ್ರೆ ಕಿಕ್ಕರ್ ಆಗುತ್ತೆ, ಹಾಗಾಗಿ ಹಲ್ಲು ಸವೆದ್ರೆ ಎರಡು ಕೆಲಸಾನೂ ಹೋಗುತ್ತೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.

ನಮ್ಮ ಗಾಡಿಯಲ್ಲಿ ಎರಡೂ ಒರಿಜಿನಲ್ ಸೈಲೆನ್ಸರ್ ಇದ್ವು, ಚೈನ್ ಕೇಸ್ ಪೂರ್ತಿ ಇತ್ತು, ಎರಡೂ ಕಡೆ ಸೈಡ್ ಬಾಕ್ಸ್, ಮೀಟರ್ ಓಡ್ತಿರಲಿಲ್ಲ ಆದ್ರೆ ಒರಿಜಿನಲ್. ನನಗೆ ಅಲ್ಲೇ ಮನಸ್ಸು ಒಪ್ಪಿತ್ತು, ಆದ್ರೂ ಲೆಕ್ಕ ಹಾಕಿದೆ. ಬೋರ್, ಪಿಸ್ಟನ್, ಕ್ರ್ಯಾಂಕ್, ಬೇರಿಂಗ್, ಆಯಿಲ್ ಸೀಲ್ ಎಲ್ಲ ಸೇರಿ 17 ಸಾವಿರ ಅಂತ ಮೆಕ್ಯಾನಿಕ್ ಹೇಳಿದ್ರು, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್ 5, ವೈರಿಂಗ್ ಬ್ಯಾಟರಿ 4, ಟೈರು ಟ್ಯೂಬು 5, ರಿಮ್ಮು ಸೈಲೆನ್ಸರ್ ಹ್ಯಾಂಡಲ್ ಕ್ರೋಮ್ 14, ಟಿಂಕರಿಂಗ್ ಪೇಂಟ್ 9, ಕೇಬಲ್ಲು ರಬ್ಬರ್ ಸಾಮಾನು ಮೀಟರ್ ರಿಪೇರಿ ಇನ್ನೊಂದು 5. ಒಟ್ಟು 59 ಸಾವಿರ. ಅಷ್ಟೇ ಚೆನ್ನಾಗಿ ಓಡೋ ರೋಡ್‌ಕಿಂಗ್‌ಗಳು ನಾನು ಕೇಳಿದೋರ ಹತ್ರ 1 ಲಕ್ಷ 10 ಸಾವಿರದ ಆಸುಪಾಸು ಕೈ ಬದಲಾಗಿದ್ವು. 51 ಉಳೀತು, ಕಾಣದ ಖರ್ಚಿಗೆ 12 ತೆಗೆದ್ರೆ 39. ಇದರಲ್ಲಿ ಕ್ರೋಮ್ ಲೆಕ್ಕ ನೋಡಿ, ಎಂಜಿನ್‌ಗೆ ಹತ್ತಿರ ಹತ್ತಿರ ಬಂದಿದೆ, ಇದನ್ನ ಯಾರೂ ಮೊದಲು ಯೋಚನೆ ಮಾಡಲ್ಲ.

ಈಗ ಆರ್‌ಎಕ್ಸ್ 100. ಇದರ ಕಥೆ ಪೂರ್ತಿ ಬೇರೆ, ಯಾಕಂದ್ರೆ ಇಲ್ಲಿ ಗಾಡಿ ಸಿಗೋದು ಕಷ್ಟ ಅಲ್ಲ, ಸಿಕ್ಕಿದ್ದು ನಿಜವಾಗ್ಲೂ ಆರ್‌ಎಕ್ಸ್ 100 ತಾನಾ ಅನ್ನೋದೇ ಕಷ್ಟ. 1985ರಿಂದ 1996ರವರೆಗೆ ಬಂದ ಗಾಡಿ, 98 ಸಿಸಿ, 11 ಎಚ್‌ಪಿ, ಮೈ ಭಾರ ಇಲ್ಲದ್ದಕ್ಕೆ ಆ ಪಿಕಪ್ಪು, ಅದಕ್ಕೇ ಹುಡುಗರು ಇವತ್ತಿಗೂ ಬಿದ್ದು ಸಾಯ್ತಾರೆ. ಭಾವನಿಗೆ ನಾವು ಎರಡು ಗಾಡಿ ನೋಡಿದ್ವಿ. ಒಂದು ಬೆಂಗಳೂರಲ್ಲಿ ಒಬ್ಬ ಡೀಲರ್ ಹತ್ರ, ಚೆರ್ರಿ ಕೆಂಪು ಪೇಂಟ್ ಫಳಫಳ, ಹೊಸ ಸ್ಟಿಕ್ಕರ್, ಹೊಸ ಸೀಟು, 1 ಲಕ್ಷ 5 ಸಾವಿರ. ಇನ್ನೊಂದು ತುಮಕೂರು ಕಡೆ ಒಂದು ಮನೇಲಿ, ಪೇಂಟ್ ಬೂದಿ ಬಣ್ಣಕ್ಕೆ ತಿರುಗಿತ್ತು, ಟ್ಯಾಂಕಲ್ಲಿ ಒಂದು ತಗ್ಗು, ಆದ್ರೆ ಓಡ್ತಿತ್ತು, 80 ಸಾವಿರ.

ಹೊಳೆಯೋ ಗಾಡಿ ನೋಡೋಕೆ ಹೋದಾಗ ಮೊದಲು ಎಂಜಿನ್ ಮುಟ್ಟಿ ನೋಡಿದ್ವಿ, ಬೆಚ್ಚಗಿತ್ತು. ಬರೋಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ರು ಅಂತ. ತಣ್ಣಗಿರೋ ಎಂಜಿನ್ ಎಷ್ಟು ಕಿಕ್ಕಿಗೆ ಹತ್ತುತ್ತೆ, ಹತ್ತಿದ ತಕ್ಷಣ ಏನು ಸದ್ದು ಬರುತ್ತೆ ಅನ್ನೋದ್ರಲ್ಲೇ ಅರ್ಧ ವಿಷಯ ಗೊತ್ತಾಗೋದು, ಹಾಗಾಗಿ ಎಂಜಿನ್ ತಣ್ಣಗಾಗೋವರೆಗೂ ಕಾದ್ವಿ. ಆಮೇಲೆ ಓಡಿಸಿದೆ, ಗೇರ್ ಎಣಿಸಿದ್ರೆ ಐದು! ಆರ್‌ಎಕ್ಸ್ 100ಗೆ ನಾಲ್ಕೇ ಗೇರು. ಐದು ಬಂದ್ರೆ ಆರ್‌ಎಕ್ಸ್ 135ರ ಎಂಜಿನ್ ಕೂರಿಸಿದಾರೆ ಅಂತ, ಇಲ್ಲಾ ಒಳಗೆ ಗೇರ್‌ಬಾಕ್ಸ್ ಬದಲಾಗಿದೆ ಅಂತ. ಎಂಜಿನ್ ನಂಬರ್ ಆರ್‌ಸಿ ಜೊತೆ ಹೋಲಿಸಿದ್ವಿ, ಕೂಡಲಿಲ್ಲ. 100ರ ನಂಬರ್ 1ಎಲ್1 ಅಂತ ಶುರುವಾಗಬೇಕು, ಇದರಲ್ಲಿ ಅದೂ ಇಲ್ಲ. ಎಂಜಿನ್ ಬದಲಾಯಿಸಿದ್ರೆ ಆರ್‌ಟಿಒದಲ್ಲಿ ಬರೆಸಿ ಆರ್‌ಸಿಗೆ ಏರಿಸಿರಬೇಕು, ಹಾಗೆ ಮಾಡದ ಗಾಡಿ ಎಫ್‌ಸಿಗೆ, ಅಂದ್ರೆ ಆರ್‌ಟಿಒ ತಪಾಸಣೆಗೆ ಹೋದಾಗ ಅಲ್ಲೇ ನಿಲ್ಲುತ್ತೆ. ಟ್ಯಾಂಕಿಗೆ ಸಣ್ಣ ಮ್ಯಾಗ್ನೆಟ್ ಇಟ್ಟು ನೋಡಿದ್ರೆ ಒಂದು ಕಡೆ ಹಿಡೀಲೇ ಇಲ್ಲ, ಒಳಗೆ ದಪ್ಪಗೆ ಪುಟ್ಟಿ. ನನ್ನ ಪ್ರಕಾರ ಆ ಗಾಡಿಗೆ 50 ಸಾವಿರದ ಮೇಲೆ ಒಂದು ರೂಪಾಯಿ ಕೊಡಬಾರದು, ಅದೂ ಎಂಜಿನ್ ವಿಷಯ ಆರ್‌ಸಿಯಲ್ಲಿ ಸರಿ ಮಾಡಿಸಿಕೊಟ್ರೆ ಮಾತ್ರ.

ತುಮಕೂರಿನ ಗಾಡಿಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಕೂಡಿದ್ವು, ಅಚ್ಚಿನ ಸುತ್ತ ಉಜ್ಜಿರೋ ಗುರುತಿರಲಿಲ್ಲ, ಸೈಲೆನ್ಸರ್ ಕಂಪನಿದೇ, ಆಯಿಲ್ ಪಂಪ್ ಕೆಲಸ ಮಾಡ್ತಿತ್ತು. ಎಂಜಿನ್‌ಗೆ ತಾನಾಗೇ ಆಯಿಲ್ ಕಳಿಸೋ ಈ ಪಂಪ್ ಜನ ಗಮನಿಸಲ್ಲ, ಬಹಳ ಗಾಡಿಗಳಲ್ಲಿ ಕಿತ್ತುಹಾಕಿ ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಓಡಿಸಿರ್ತಾರೆ, ಅಂಥದ್ರಲ್ಲಿ ಒಂದಿನ ಆಯಿಲ್ ಮರೆತಿದ್ರೂ ಪಿಸ್ಟನ್ ಗೀಚಿರುತ್ತೆ. ಕೆಲಸ ಅಂದ್ರೆ ಕ್ರ್ಯಾಂಕ್ ಸೀಲ್, ಕಾರ್ಬುರೇಟರ್ ಕ್ಲೀನಿಂಗ್, ಟೈರು, ಪೇಂಟು, ಎಲ್ಲ ಸೇರಿ 25 ಸಾವಿರದ ಒಳಗೆ. ರೆಡಿ ಇರೋ ಒಳ್ಳೇ ಆರ್‌ಎಕ್ಸ್ ನಾವು ವಿಚಾರಿಸಿದಾಗ 1 ಲಕ್ಷ 10ರ ಹತ್ರ. ಅದೇ ಲೆಕ್ಕದಲ್ಲಿ 80 ಬರುತ್ತೆ, ಭಾವ 76ಕ್ಕೆ ಮುಗಿಸಿದ್ರು. ಅಂದ್ರೆ ನೋಡೋಕೆ ಕೆಟ್ಟದಾಗಿದ್ದ ಗಾಡಿನೇ ನ್ಯಾಯವಾದ ರೇಟಲ್ಲಿತ್ತು, ಚೆನ್ನಾಗಿ ಕಾಣ್ತಿದ್ದದ್ದು ಅರ್ಧಕ್ಕೂ ಬಾಳ್ತಿರಲಿಲ್ಲ. ಹೊಸ ಪೇಂಟ್ ಅಂದ್ರೆ ನಾನು ರೇಟ್ ಜಾಸ್ತಿ ಮಾಡಲ್ಲ, ಒಳಗೆ ಏನಿದೆ ನೋಡೋಕಾಗದೆ ಇರೋದ್ರಿಂದ ಕಮ್ಮಿನೇ ಮಾಡ್ತೀನಿ.

ಚೀಲದ ಜಾವಾ. ಕೇಳಿದ್ದು 22 ಸಾವಿರ, ಮೂರರಲ್ಲಿ ಕಮ್ಮಿ ರೇಟು, ಆದ್ರೆ ನನ್ನ ಲೆಕ್ಕದಲ್ಲಿ ಇದೇ ದುಬಾರಿ. ಆರ್‌ಸಿ ಇಲ್ಲ, ಓನರ್ ತೀರ್ಕೊಂಡಿದಾರೆ, ಮಾರ್ತಿರೋರು ಗುಜರಿಯಿಂದ ತಗೊಂಡೋರು. ಟ್ಯಾಂಕ್ ಇಲ್ಲ, ಮೀಟರ್ ಕೂರೋ ಹೆಡ್‌ಲೈಟ್ ಡೂಮ್ ಇಲ್ಲ, ಯಿಕೋವ್ ಕಾರ್ಬುರೇಟರ್ ಇಲ್ಲ, ಟೂಲ್‌ಬಾಕ್ಸ್ ಎರಡರಲ್ಲಿ ಒಂದೇ ಇದೆ. ಜಾವಾ ಟ್ಯಾಂಕ್ ಅಂದ್ರೆ ಎರಡೂ ಪಕ್ಕ ಕ್ರೋಮ್ ಇರೋ ಟ್ಯಾಂಕು, ಅದು ಒರಿಜಿನಲ್ ಸಿಗೋದು, ಸಿಕ್ಕಿದ್ರೆ ತೂತಿಲ್ಲದೆ ಸಿಗೋದು, ಆಮೇಲೆ ಕ್ರೋಮ್ ಮಾಡಿಸೋದು, ಮೂರೂ ಬೇರೆ ಬೇರೆ ತಲೆನೋವು. ಡೂಪ್ಲಿಕೇಟ್ ಬರ್ತವೆ, ಆದ್ರೆ ತಗಡು ತೆಳು, ಬೋಲ್ಟ್ ತೂತು ಕೂಡಲ್ಲ. ಇಂಥ ಗಾಡಿನ ಗಾಡಿ ಅಂತ ಲೆಕ್ಕ ಹಾಕಬಾರದು, ಸಾಮಾನಿನ ಲೆಕ್ಕದಲ್ಲಿ ಹಾಕಬೇಕು. ಕೇಸ್ ಎರಡು ಅರ್ಧಾನೂ ಒಂದೇ ಜೋಡಿದಾ, ಫೋರ್ಕ್ ನೆಟ್ಟಗಿದೆಯಾ, ಹಬ್ ಸರಿ ಇದೆಯಾ, ಫ್ರೇಮ್ ಬಾಗಿದೆಯಾ, ಇಷ್ಟು ನೋಡಿ ಒಂದೊಂದಕ್ಕೂ ಶಿವಾಜಿನಗರದ ಗುಜರಿಯಲ್ಲೋ ಜೆಸಿ ರೋಡಲ್ಲೋ ಎಷ್ಟಾಗುತ್ತೆ ಕೇಳಿ ಕೂಡಿಸಿ. ನಮಗೆ 13 ಬಂತು, ಗೆಳೆಯ 13ಕ್ಕೇ ತಗೊಂಡ. ಅವನಿಗೆ ಇನ್ನೊಂದು ಜಾವಾ ಪೇಪರ್ ಸಮೇತ ಇದೆ, ಅದಕ್ಕೆ ಸಾಮಾನು ಬೇಕಿತ್ತು, ಹಾಗಾಗಿ ಅವನಿಗೆ ಅದು ಸರಿಯಾದ ರೇಟು. ಮೊದಲ ಪ್ರಾಜೆಕ್ಟ್ ಮಾಡೋರಿಗೆ 5 ಸಾವಿರಕ್ಕೆ ಕೊಟ್ರೂ ಬೇಡ ಅಂತೀನಿ.

"ಸಾರ್, ಈಗ ಜಾವಾ ಯೆಜ್ಡಿ ಶೋರೂಮ್ ಬಂದಿದೆ, ಸ್ಪೇರ್ ಪ್ರಾಬ್ಲಮ್ಮೇ ಇಲ್ಲ" ಅಂತ ಒಬ್ರು ಮಾರೋರು ಹೇಳಿದ್ರು. 2018ರಲ್ಲಿ ಬಂದ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿ ಎಲ್ಲ ಫೋರ್ ಸ್ಟ್ರೋಕ್, ವಾಟರ್ ಕೂಲ್ಡ್. ಹಳೇ ಟು ಸ್ಟ್ರೋಕ್‌ಗೆ ಅದರ ಎಂಜಿನ್ ಸಾಮಾನು ಯಾವುದೂ ಬರಲ್ಲ, ಆ ಮಾತಿಗೆ ರೇಟ್ ಏರಿಸ್ಬೇಡಿ.

ಆರ್‌ಡಿ 350 ಬಗ್ಗೆ ಹೆಚ್ಚು ಹೇಳಲ್ಲ, ಅದರ ರೇಟ್ ಈಗ ಲಕ್ಷಗಳಲ್ಲಿ, ಎಚ್‌ಟಿನಾ ಎಲ್‌ಟಿನಾ (ಹೈ ಟಾರ್ಕ್, ಲೋ ಟಾರ್ಕ್ ಅಂತ ಎರಡು ಥರ) ಅನ್ನೋದ್ರಿಂದ ಹಿಡಿದು ಎಲ್ಲದಕ್ಕೂ ತಿಳಿದವರ ಜೊತೆಗೇ ಹೋಗಬೇಕು. ಹಳೇ ಬುಲೆಟ್‌ಗೆ ಸ್ಪೇರ್ ಸುಲಭ, ಅದಕ್ಕೇ ಜಾಮ್ ಆಗಿದ್ರೂ ಮಾರೋರು ರೇಟ್ ಇಳಿಸಲ್ಲ.

ಪೇಪರ್ ವಿಷಯ ಎಲ್ಲದಕ್ಕಿಂತ ದೊಡ್ಡದು ಅಂತ ನನ್ನ ಗಟ್ಟಿ ಅಭಿಪ್ರಾಯ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2022ರ ಏಪ್ರಿಲ್‌ನಿಂದ ಬೈಕಿಗೆ ಅದರ ಫೀಸ್ 300ರಿಂದ 1,000 ಆಯ್ತು, 2025ರಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಮಾಡಿದ್ರು, ಹಸಿರು ತೆರಿಗೆ ಬೇರೆ. ಇದೆಲ್ಲ ಕೈಗೆಟುಕೋ ದುಡ್ಡು. ಆದ್ರೆ ರಿನ್ಯೂವಲ್ ತಡ ಆದ್ರೆ ಬೈಕಿಗೆ ತಿಂಗಳಿಗೆ 300ರ ಲೆಕ್ಕದಲ್ಲಿ ಹೆಚ್ಚುವರಿ ಫೀಸ್ ಅಂತ ನಿಯಮದಲ್ಲಿದೆ, ಆರ್‌ಸಿ ಮುಗಿದು ವರ್ಷಗಟ್ಟಲೆ ಬಿಟ್ಟಿರೋ ಗಾಡಿ ಆದ್ರೆ ರೇಟ್ ಮಾತಾಡೋಕೆ ಮುಂಚೆನೇ ಆರ್‌ಟಿಒದಲ್ಲಿ ನಂಬರ್ ಹೇಳಿ ಎಷ್ಟಾಗುತ್ತೆ ಕೇಳ್ಕೊಂಡು ಬನ್ನಿ. ಕೆಎ ಬರೋಕೆ ಮುಂಚಿನ ಹಳೇ ಸೀರೀಸ್ ನಂಬರ್ ಆದ್ರೆ ಅದು ಕಂಪ್ಯೂಟರಲ್ಲಿ ಇದೆಯಾ ಅಂತ ಎಂಪರಿವಾಹನ್ ಆಪಲ್ಲಿ ನೋಡಿ, ಇಲ್ಲ ಅಂದ್ರೆ ಹಳೇ ರಿಜಿಸ್ಟರಿಂದ ತೆಗೆಸಿ ಏರಿಸ್ಬೇಕು, ಆ ಓಡಾಟಕ್ಕೂ ಬೆಲೆ ಕಟ್ಟಿ. 50 ವರ್ಷ ದಾಟಿದ ಗಾಡಿನ ವಿಂಟೇಜ್ ಅಂತ ಬೇರೆ ರಿಜಿಸ್ಟ್ರೇಷನ್ ಮಾಡಿಸಬಹುದು, ಫೀಸ್ 20 ಸಾವಿರ, ಆದ್ರೆ ಹಾಗೆ ಮಾಡಿಸಿದ ಗಾಡಿನ ದಿನಾ ರೋಡಲ್ಲಿ ಓಡಿಸೋ ಹಾಗಿಲ್ಲ, ಓಡಿಸೋ ಆಸೆ ಇರೋರಿಗೆ ಅದು ದಾರಿ ಅಲ್ಲ.

ರೋಡ್‌ಕಿಂಗ್ ವಿಷಯದಲ್ಲಿ ಆರ್‌ಸಿ ಮುಗಿದು ಕೆಲವೇ ತಿಂಗಳಾಗಿತ್ತು, ಆದ್ರೆ ಗಾಡಿ ಓಡೋ ಸ್ಥಿತಿಯಲ್ಲಿ ಆರ್‌ಟಿಒಗೆ ತೋರಿಸದೆ ರಿನ್ಯೂವಲ್ ಆಗಲ್ಲ, ರಿನ್ಯೂವಲ್ ಆಗದೆ ಟ್ರಾನ್ಸ್‌ಫರ್ ಆಗಲ್ಲ, ಅಂದ್ರೆ ಕೆಲಸ ಮುಗಿಯೋವರೆಗೂ ಗಾಡಿ ಅವರ ಹೆಸರಲ್ಲೇ ಇರಬೇಕು. ಯಜಮಾನರು "ನೋಡಪ್ಪ, ನಲವತ್ತೈದಕ್ಕೆ ಕಮ್ಮಿ ಇಲ್ಲ, ಒಂದು ಸಾಮಾನೂ ಕಳೆದಿಲ್ಲ ಇದರಲ್ಲಿ" ಅಂದ್ರು. ನಿಜಾನೇ ಸಾರ್, ಅದಕ್ಕೇ ನಾನು ಬಂದಿದ್ದು ಅಂತ ಹೇಳಿ ಖರ್ಚಿನ ಚೀಟಿ ಮುಂದಿಟ್ಟೆ, ಒಂದೊಂದೇ ಓದಿದ್ರು, ಕ್ರೋಮ್ ಹತ್ರ ಬಂದಾಗ "ಇಷ್ಟಾಗುತ್ತಾ ಈಗ?" ಅಂತ ಕೇಳಿದ್ರು. ಗಾಡಿ ಹೀಗಳೀದೆ ಬರೀ ಲೆಕ್ಕ ತೋರಿಸಿದ್ರೆ ಹಳೇ ಓನರ್‌ಗಳು ಕೇಳಿಸ್ಕೋತಾರೆ, ಅವರಿಗೆ ಆ ಗಾಡಿ ಮೇಲೆ ನಮಗಿಂತ ಜಾಸ್ತಿ ಪ್ರೀತಿ ಇರುತ್ತೆ. 38ಕ್ಕೆ ಒಪ್ಪಿದ್ರು. 30 ಅವತ್ತು ಕೊಟ್ಟು, 8 ಸಾವಿರ ಟ್ರಾನ್ಸ್‌ಫರ್ ದಿನ ಅಂತ ಚೀಟಿ ಬರೆದು, ಟ್ರಾನ್ಸ್‌ಫರ್‌ಗೆ ಬೇಕಾದ ಫಾರಂ 29, 30ಕ್ಕೆ ಸಹಿ, ಅವರ ಆಧಾರ್ ಕಾಪಿ ಇಸ್ಕೊಂಡು, ಗಾಡಿ ಟೆಂಪೋಗೆ ಏರಿಸಿದ್ವಿ.