ಎನ್‌ವಿಡಿಎ, ನಾಲ್ಕು ವರ್ಷದ ಬಳಕೆಯ ನಂತರ: ದನಿ ಒರಟು, ಪತ್ತೆ ನಿಖರ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರ್ ಪರದೆಯಲ್ಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಈ ತಂತ್ರಾಂಶದ ಕನ್ನಡ ದನಿ ಕೇಳಲಾಗುವುದಿಲ್ಲ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎಂಬ ದನಿ ಎಂಜಿನ್ನಿನ ಕನ್ನಡ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗಿರುತ್ತದೆ. ಏರಿಳಿತವಿಲ್ಲ, ಒತ್ತಕ್ಷರಗಳೆಲ್ಲ ಕಡಿದ ಕಬ್ಬಿನ ತುಂಡು. ಆದರೂ ಜಾಲತಾಣ, ವರ್ಡ್ ಕಡತ, ಪಿಡಿಎಫ್ ಎಲ್ಲವೂ ಕಣ್ಣು ಕಾಣದವರಿಗೆ ಒದಗುತ್ತವೆಯೇ ಎಂಬ ಪರೀಕ್ಷೆಗೂ ಇದನ್ನೇ ಹಿಡಿದುಕೊಂಡಿರುವುದಕ್ಕೆ ಮೊದಲ ಕಾರಣ ದುಡ್ಡು. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದ ಈ ಮುಕ್ತ ತಂತ್ರಾಂಶಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ಇದೇ ಕೆಲಸ ಮಾಡುವ ದುಡ್ಡಿನ ತಂತ್ರಾಂಶ ಜಾಸ್ ಪರವಾನಗಿ ಕೊಳ್ಳದಿದ್ದರೆ 40 ನಿಮಿಷಕ್ಕೆ ನಿಲ್ಲುತ್ತದೆ, ಮತ್ತೆ ಬೇಕಾದರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು. ಮೈಸೂರಿನಲ್ಲಿ ಬಿಡಿ ಕೆಲಸ ಹಿಡಿಯುವವರ ಜೇಬಿಗೆ ಅದು ಒಗ್ಗುವುದಿಲ್ಲ.

ದಿನದ ಕ್ರಮ ಹೀಗೆ. ಮೌಸ್ ಕಿತ್ತು ಪಕ್ಕಕ್ಕಿಡುವುದು. ಕಂಟ್ರೋಲ್, ಆಲ್ಟ್, ಎನ್ ಒತ್ತಿ ಚಾಲೂ ಮಾಡುವುದು. ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಕೀ ಎಲ್ಲೋ ಮೂಲೆಯಲ್ಲಿರುವುದರಿಂದ ಕ್ಯಾಪ್ಸ್‌ಲಾಕನ್ನೇ ಎನ್‌ವಿಡಿಎ ಕೀ, ಅಂದರೆ ಅದರ ಆಜ್ಞೆಗಳಿಗೆ ಜೊತೆಯಲ್ಲಿ ಒತ್ತುವ ಕೀ ಮಾಡಿಕೊಳ್ಳಬೇಕು, ಸ್ವಾಗತ ಪರದೆಯಲ್ಲೇ ಆ ಆಯ್ಕೆ ಸಿಗುತ್ತದೆ. ದನಿಯ ವೇಗ 40. ಆಮೇಲೆ ಟೂಲ್ಸ್ ಮೆನುವಿನಿಂದ ಸ್ಪೀಚ್ ವ್ಯೂವರ್ ತೆರೆದು ಪರದೆಯ ಬಲಕ್ಕೆ ಕೂರಿಸುವುದು. ಆಡಿದ ಪ್ರತಿ ಮಾತೂ ಅಲ್ಲಿ ಅಕ್ಷರವಾಗಿ ಇಳಿಯುತ್ತದೆ. ಅದನ್ನು ನಕಲಿಸಿ ವರದಿಗೆ ಅಂಟಿಸಿದರೆ ತಾಣ ಕಟ್ಟಿದವರು ವಾದಕ್ಕೆ ನಿಲ್ಲುವುದಿಲ್ಲ. ಎರಡನೇ ಸುತ್ತಿಗೆ ವ್ಯೂವರ್ ಮುಚ್ಚಿ ಸ್ಕ್ರೀನ್ ಕರ್ಟನ್ ಹಾಕಿ ಪರದೆ ಕಪ್ಪಾಗಿಸಬೇಕು. ಕಣ್ಣು ಕಾಣುವ ಪರೀಕ್ಷಕರು ಗೊತ್ತಿಲ್ಲದೆಯೇ ಕದ್ದು ನೋಡುತ್ತಾರೆ.

ಹೊಸಬರು ಎಡವುವುದು ಟ್ಯಾಬ್ ಕೀಯಲ್ಲಿ. ಟ್ಯಾಬ್ ಒತ್ತುತ್ತಾ ಹೋದರೆ ಕೊಂಡಿ, ಗುಂಡಿ, ಅರ್ಜಿಯ ಖಾನೆ ಮಾತ್ರ ಸಿಗುತ್ತವೆ, ನಡುವಿನ ಬರಹವೆಲ್ಲ ಹಾರಿಹೋಗುತ್ತದೆ. ಓದಲು ಕೆಳಬಾಣ, ಶೀರ್ಷಿಕೆಗೆ ಎಚ್, ಅರ್ಜಿಯ ಖಾನೆಗೆ ಎಫ್, ಚಿತ್ರಕ್ಕೆ ಜಿ. ಖಾನೆಯೊಳಗೆ ಹೋದ ಮೇಲೆ ಎಚ್ ಒತ್ತಿದರೆ ಎಚ್ ಅಕ್ಷರವೇ ಮೂಡುತ್ತದೆ, ಏಕೆಂದರೆ ಅಲ್ಲಿ ಓದುವ ಬ್ರೌಸ್ ಮೋಡ್ ಹೋಗಿ ಟೈಪಿಸುವ ಫೋಕಸ್ ಮೋಡ್ ಬಂದಿರುತ್ತದೆ. ಎನ್‌ವಿಡಿಎ ಕೀ ಜೊತೆ ಸ್ಪೇಸ್ ಒತ್ತಿ ಬದಲಿಸಿಕೊಳ್ಳಿ. ಖಾನೆಗೆ ಬಂದಾಗ ಬರೀ 'ಎಡಿಟ್, ಬ್ಲ್ಯಾಂಕ್' ಎಂದರೆ ಅದಕ್ಕೆ ಲೇಬಲ್ ಕಟ್ಟಿಲ್ಲ ಎಂದರ್ಥ, ಪಕ್ಕದಲ್ಲಿ 'ತಂದೆಯ ಹೆಸರು' ಎಂದು ಎಷ್ಟು ದಪ್ಪಗೆ ಬರೆದಿದ್ದರೂ ಅಷ್ಟೇ. ಎನ್‌ವಿಡಿಎ ಕೀ ಜೊತೆ ಎಫ್7 ಒತ್ತಿದರೆ ಕೊಂಡಿಗಳ ಪಟ್ಟಿ ಬರುತ್ತದೆ. ಸಾಲಾಗಿ ಹದಿನಾಲ್ಕು 'ಇಲ್ಲಿ ಕ್ಲಿಕ್ ಮಾಡಿ' ಕೇಳಿಸಿಕೊಂಡರೆ ಆ ಮೂರು ಪದದ ಮೇಲೇ ಜಿಗುಪ್ಸೆ ಹುಟ್ಟುತ್ತದೆ.

ಕೋಷ್ಟಕದಲ್ಲಿ ಕಂಟ್ರೋಲ್, ಆಲ್ಟ್ ಹಿಡಿದು ಬಾಣ ಒತ್ತಬೇಕು. ಮಂಡ್ಯದ ಬೆಲ್ಲದ ಧಾರಣೆ ಪಟ್ಟಿಯಂಥದ್ದರಲ್ಲಿ ಶೀರ್ಷಿಕೆಯ ಕೋಶಗಳಿಗೆ ಅವು ಶೀರ್ಷಿಕೆ ಎಂದು ತಿಳಿಸುವ ಟಿಎಚ್ ಟ್ಯಾಗ್ ಇಲ್ಲದಿದ್ದರೆ ಬರೀ ಅಂಕಿ ಕೇಳಿಸುತ್ತದೆ, ಅದು ಅಚ್ಚು ಬೆಲ್ಲದ್ದೋ ಬಕೆಟ್ ಬೆಲ್ಲದ್ದೋ ತಿಳಿಯದು.

ಇನ್ನು ಎನ್‌ವಿಡಿಎಗೆ ಎಲ್ಲರೂ ಬೈಯುವ ವಿಷಯ: 'ಕನ್ನಡ ಕಡತ ಕೊಟ್ಟರೆ ಏನೇನೋ ಬಡಬಡಿಸುತ್ತದೆ.' ನಾನೂ ಬೈದವನೇ. ಈಗ ಬೈಯುವುದಿಲ್ಲ. ನಮ್ಮ ಡಿಟಿಪಿ ಕಡತಗಳಲ್ಲಿ ಇನ್ನೂ ಓಡಾಡುವ ಹಳೆಯ ನುಡಿ ಫಾಂಟಿನ ಬರಹ ಕಣ್ಣಿಗಷ್ಟೇ ಕನ್ನಡ. 'ಕನ್ನಡ' ಎಂಬ ಪದದ ಮೇಲೆ ಬಲಬಾಣ ಒತ್ತುತ್ತಾ ಹೋಗಿ: ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಎಸ್, ಕ್ಯೂ, ಮತ್ತೆ ಎ. ಕಡತದಲ್ಲಿರುವುದೇ ಅದು. ತಪ್ಪು ನುಡಿ ಕೀಲಿಮಣೆಯದಲ್ಲ, ಅದೇ ವಿನ್ಯಾಸದಲ್ಲಿ ಕನ್ನಡಕ್ಕೆ ಅದರದೇ ಸಂಕೇತ ಕೊಡುವ ಯೂನಿಕೋಡ್ ಕೂಡ ಟೈಪಿಸಬಹುದು. ತಪ್ಪು ಇಂಗ್ಲಿಷ್ ಮೊದಲಾದ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸುವ ಆಸ್ಕಿ ಫಾಂಟಿನದು.

ಇಡೀ ಕಡತವನ್ನು ಯೂನಿಕೋಡ್ ಪರಿವರ್ತಕಕ್ಕೆ ಸುರಿದರೆ ನಡುವಿನ ಇಂಗ್ಲಿಷ್ ಪದಗಳೂ ಕನ್ನಡದ ಕಸವಾಗುತ್ತವೆ. ವರ್ಡ್‌ನ ಅಡ್ವಾನ್ಸ್ಡ್ ಫೈಂಡ್‌ನಲ್ಲಿ ಹುಡುಕುವ ಜಾಗ ಖಾಲಿ ಬಿಟ್ಟು, ಫಾರ್ಮ್ಯಾಟ್ ಒಳಗೆ ಫಾಂಟ್ ಆಯ್ದು ನುಡಿ ಫಾಂಟಿನ ಹೆಸರು ಕೊಡಿ. ಎಲ್ಲೆಲ್ಲಿ ನುಡಿ ಇದೆಯೋ ಅಷ್ಟು ಮಾತ್ರ ಸಿಗುತ್ತದೆ, ಅಷ್ಟನ್ನೇ ಬದಲಿಸಿ. ಆಮೇಲೆ ಶೀರ್ಷಿಕೆಗಳಿಗೆ ಕಂಟ್ರೋಲ್, ಆಲ್ಟ್, 1 ಅಥವಾ 2. ದಪ್ಪ ಅಕ್ಷರ ಶೀರ್ಷಿಕೆಯಲ್ಲ, ಎಚ್ ಒತ್ತಿದರೆ ಅದು ಸಿಗುವುದೇ ಇಲ್ಲ. ಪಿಡಿಎಫ್ ಮಾಡುವಾಗ ಪ್ರಿಂಟ್ ಟು ಪಿಡಿಎಫ್ ಬೇಡ, ಶೀರ್ಷಿಕೆ, ಕೋಷ್ಟಕ ಎಂದು ಗುರುತಿಸುವ ಟ್ಯಾಗೆಲ್ಲ ಉದುರಿಹೋಗುತ್ತದೆ. ಸೇವ್ ಆ್ಯಸ್ ಮಾಡಿ, ಆಪ್ಷನ್ಸ್ ಒಳಗೆ ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಆಯ್ಕೆಗೆ ಟಿಕ್ ಇದೆಯೇ ನೋಡಿ.

ಜಾಲಪುಟದಲ್ಲಿ ಭಾಷೆಯ ಗುರುತೂ ಮುಖ್ಯ. ಕನ್ನಡ ಪುಟಕ್ಕೆ ಲ್ಯಾಂಗ್ ಎಂಬಲ್ಲಿ 'ಕೆಎನ್' ಬದಲು ಟೆಂಪ್ಲೇಟಿನ 'ಇಎನ್' ಹಾಗೇ ಉಳಿದಿದ್ದರೆ ಎನ್‌ವಿಡಿಎ ಇಂಗ್ಲಿಷ್ ದನಿಗೆ ಜಿಗಿಯುತ್ತದೆ. ಜಾಲತಾಣಗಳು ಎಲ್ಲರಿಗೂ ಒದಗಬೇಕೆಂಬ ಅಂತರರಾಷ್ಟ್ರೀಯ ನಿಯಮಾವಳಿ ಡಬ್ಲ್ಯೂಸಿಎಜಿಯಲ್ಲಿ ಇದು 3.1.1, ತೀರಾ ಕೆಳಗಿನ 'ಎ' ಹಂತದ ನಿಯಮ. ಒಂದು ಪದ ತಿದ್ದಿದರೆ ಮುಗಿಯುವ ಕೆಲಸ.

ಆ ತಗಡಿನ ದನಿಯ ಮೇಲಿನ ಸಿಟ್ಟು ಇಳಿದದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನೂ, ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನೂ ಒತ್ತುವ ಅಭ್ಯಾಸ ನಮ್ಮಲ್ಲಿ ಹಳೆಯದು. ಕಣ್ಣಿಗೆ ಎರಡೂ ಒಂದೇ, ಕರಡು ತಿದ್ದುವವರು ಮೂರು ಸಲ ನೋಡಿದರೂ ದಾಟಿಹೋಗುತ್ತದೆ. ಹುಡುಕಾಟದಲ್ಲಿ ಆ ಪದ ಸಿಗುವುದಿಲ್ಲ, ಎಲ್ಲಿ ತಪ್ಪಿದೆ ಎಂದೂ ಹೊಳೆಯುವುದಿಲ್ಲ. ಇಸ್ಪೀಕ್ ಮಾತ್ರ ಮುಲಾಜಿಲ್ಲದೆ 'ಮ ಸೊನ್ನೆ ಡ್ಯ ಜಿಲ್ಲೆ', 'ಕಾಯ ಒಂಬತ್ತು ಕ್ರಮ' ಎಂದು ಓದಿಬಿಡುತ್ತದೆ.